ಎರವಲಿನ ಒಡಂಬಡಿಕೆ

ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಸದಸ್ಯರನ್ನು ನೋಂದಾಯಿಸುವುದು, ಪುಸ್ತಕ ಕೊಡುವುದು, ಮರಳಿ ಪಡೆಯುವುದು, ಅವಧಿ ನವೀಕರಿಸುವುದು, ಬೇರೆಯವರ ಕೈಯಲ್ಲಿರುವ ಪುಸ್ತಕವನ್ನು ಮುಂದಿನ ಓದುಗರಿಗಾಗಿ ಕಾಯ್ದಿರಿಸುವುದು, ತಡವಾದರೆ ದಂಡ ವಿಧಿಸುವುದು ಇವೆಲ್ಲವನ್ನೂ ಒಟ್ಟಾಗಿ ಗ್ರಂಥಾಲಯ ವಿಜ್ಞಾನವು ಪರಿಚಲನೆ ಎಂದು ಕರೆಯುತ್ತದೆ. ಒಂದೇ ಕಟ್ಟಡದೊಳಗೆ ನಡೆಯುವವರೆಗೆ ಈ ವ್ಯವಹಾರ ಸರಳವಾಗಿಯೇ ಇರುತ್ತದೆ. ಆದರೆ ಪುಸ್ತಕ ಒಂದು ಊರಿನದು, ಓದುಗ ಇನ್ನೊಂದು ಊರಿನವನು, ಎರವಲು ಪಡೆದದ್ದು ಮೂರನೆಯ ಊರಿನಲ್ಲಿ ಎಂದಾದಾಗ ಯಾವ ಊರಿನ ನಿಯಮ ಅನ್ವಯವಾಗಬೇಕು ಎಂಬ ಪ್ರಶ್ನೆ ಏಳುತ್ತದೆ. ಹಲವು ಗ್ರಂಥಾಲಯಗಳು ಕೂಡಿ ನಡೆಸುವ ವ್ಯವಸ್ಥೆಯ ಗಟ್ಟಿತನ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನೇ ಅವಲಂಬಿಸಿದೆ.

ಗಣಕಯಂತ್ರ ಬರುವ ಮುನ್ನ ಭಾರತದ ಬಹುಪಾಲು ಗ್ರಂಥಾಲಯಗಳು ನೆಚ್ಚಿದ್ದ ಬ್ರೌನ್ ಪದ್ಧತಿಯನ್ನು ನೋಡಿದರೆ ತೊಡಕಿನ ಮೂಲ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ ರೂಪಿಸಿದ ಈ ಪದ್ಧತಿಯಲ್ಲಿ ಓದುಗನಿಗೆ ಅವನು ಪಡೆಯಬಹುದಾದ ಪುಸ್ತಕಗಳ ಸಂಖ್ಯೆಯಷ್ಟೇ ಟಿಕೆಟ್ಟುಗಳಿರುತ್ತವೆ. ಪ್ರತಿ ಟಿಕೆಟ್ಟೂ ಒಂದು ಪುಟ್ಟ ಲಕೋಟೆಯಂತಿರುತ್ತದೆ. ಪುಸ್ತಕದೊಳಗಿನ ಚೀಟಿಯಲ್ಲಿ ಅದರ ಪರಿಗ್ರಹಣ ಸಂಖ್ಯೆ, ಅಂದರೆ ಗ್ರಂಥಾಲಯಕ್ಕೆ ಸೇರಿದ ಕ್ರಮದಲ್ಲಿ ಆ ಪ್ರತಿಗೆ ದೊರೆತ ಸಂಖ್ಯೆ, ಲೇಖಕರ ಹೆಸರು, ಶೀರ್ಷಿಕೆ ಬರೆದಿರುತ್ತವೆ. ಪುಸ್ತಕ ಕೊಡುವಾಗ ಆ ಚೀಟಿಯನ್ನು ಟಿಕೆಟ್ಟಿನೊಳಗೆ ತೂರಿಸಿ, ಮರಳಿಸಬೇಕಾದ ದಿನಾಂಕದ ಹಿಂದೆ ತಟ್ಟೆಯಲ್ಲಿ ಜೋಡಿಸಿ, ಅದೇ ದಿನಾಂಕವನ್ನು ಪುಸ್ತಕದ ಅವಧಿ ಚೀಟಿಯ ಮೇಲೆ ಮುದ್ರೆಯೊತ್ತಿ ಕೊಡಲಾಗುತ್ತದೆ. ಪುಸ್ತಕ ಮರಳಿದ ಕೂಡಲೇ ಟಿಕೆಟ್ಟು ಓದುಗನ ಕೈಸೇರುತ್ತದೆ. ಕೈಯಲ್ಲಿ ಟಿಕೆಟ್ಟಿದ್ದರೆ ಬಾಕಿಯಿಲ್ಲವೆಂದೇ ಅರ್ಥವಾದ್ದರಿಂದ ರಸೀದಿಯ ಅಗತ್ಯವೇ ಇಲ್ಲದ ಈ ಪದ್ಧತಿ ನಿಜಕ್ಕೂ ಜಾಣತನದ್ದು. ಆದರೆ ವ್ಯವಹಾರದ ನೆನಪೆಲ್ಲ ಒಂದು ಕೋಣೆಯ ಒಂದು ತಟ್ಟೆಯಲ್ಲಿ ಉಳಿಯುವುದರಿಂದ ಪಕ್ಕದ ಬಡಾವಣೆಯ ಶಾಖೆಗೆ ಆ ಓದುಗ ಅಪರಿಚಿತನಾಗಿಯೇ ಉಳಿಯುತ್ತಾನೆ.

ಈ ಅಪರಿಚಿತತೆಯನ್ನು ಒಂದು ಇಡೀ ರಾಜ್ಯದ ಮಟ್ಟದಲ್ಲಿ ನೀಗಿಸಲು ನಡೆದ ಪ್ರಯತ್ನಗಳಲ್ಲಿ ಅಮೆರಿಕದ ಆಗ್ನೇಯ ಭಾಗದ ಜಾರ್ಜಿಯಾ ರಾಜ್ಯದ ‘ಪೈನ್ಸ್’ ಜಾಲ ವಿಶೇಷ ಗಮನಕ್ಕೆ ಅರ್ಹವಾಗಿದೆ. 159 ಕೌಂಟಿಗಳಿರುವ, ಅಂದರೆ ನಮ್ಮ ತಾಲ್ಲೂಕುಗಳಿಗೆ ಸ್ಥೂಲವಾಗಿ ಹೋಲಿಸಬಹುದಾದ ಅಷ್ಟೊಂದು ಆಡಳಿತ ಘಟಕಗಳಿರುವ ಆ ರಾಜ್ಯದಲ್ಲಿ ಗ್ರಂಥಾಲಯಗಳು ಸ್ಥಳೀಯ ಮಂಡಳಿಗಳ ಅಧೀನದಲ್ಲಿದ್ದು, ಪ್ರತಿಯೊಂದಕ್ಕೂ ಅದರದೇ ಎರವಲು ಅವಧಿ, ಅದರದೇ ದಂಡ, ಅದರದೇ ಸದಸ್ಯತ್ವ ಇತ್ತು. 1999ರಲ್ಲಿ, 2000ನೇ ಇಸವಿ ಬಂದೊಡನೆ ಹಳೆಯ ಗಣಕಗಳು ದಿನಾಂಕವನ್ನು ತಪ್ಪಾಗಿ ಎಣಿಸಬಹುದೆಂಬ ಭೀತಿ ಎಲ್ಲೆಡೆ ಹರಡಿದ್ದಾಗ, ಸಣ್ಣ ಊರುಗಳ ಗ್ರಂಥಾಲಯಗಳು ತಂತಮ್ಮ ತಂತ್ರಾಂಶವನ್ನು ಬದಲಿಸಲೇಬೇಕಾಗಿ ಬಂದಿತು. ಆಗ ಪ್ರತಿಯೊಂದಕ್ಕೂ ಬೇರೆ ಬೇರೆ ತಂತ್ರಾಂಶ ಕೊಡಿಸುವುದರ ಬದಲು ಎಲ್ಲರಿಗೂ ಒಂದೇ ಗ್ರಂಥಸೂಚಿ, ಒಂದೇ ದತ್ತಸಂಚಯ, ಓದುಗನಿಗೆ ಒಂದೇ ಕಾರ್ಡು ಎಂಬ ತೀರ್ಮಾನಕ್ಕೆ ಬರಲಾಯಿತು. ದೊಡ್ಡ ನಗರಗಳ ಕೆಲವು ಗ್ರಂಥಾಲಯ ವ್ಯವಸ್ಥೆಗಳು ಆರಂಭದಲ್ಲಿ ಹೊರಗೇ ಉಳಿದವು; ಆದುದರಿಂದ ಇದು ಮುಖ್ಯವಾಗಿ ಸಣ್ಣ ಊರುಗಳು ಕೂಡಿ ಕಟ್ಟಿಕೊಂಡ ಜಾಲವಾಗಿ ಬೆಳೆಯಿತು.

ಮೊದಲು ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ತಂತ್ರಾಂಶವನ್ನೇ ಬಳಸಿದ ಜಾಲವು, ಇಷ್ಟು ಗ್ರಂಥಾಲಯಗಳ ನಿಯಮಗಳ ಹೆಣಿಗೆಯನ್ನು ಅದು ತಾಳಲಾರದೆಂದು ಮನಗಂಡು, 2004ರಲ್ಲಿ ತನ್ನದೇ ತಂತ್ರಾಂಶ ಬರೆಸುವ ಕೆಲಸಕ್ಕೆ ಕೈಹಾಕಿತು. ಚಿಕ್ಕ ತಂಡವೊಂದು ಸಿದ್ಧಪಡಿಸಿದ ‘ಎವರ್‌ಗ್ರೀನ್’ 2006ರ ಸೆಪ್ಟೆಂಬರಿನಲ್ಲಿ 250ಕ್ಕೂ ಹೆಚ್ಚು ಗ್ರಂಥಾಲಯಗಳಲ್ಲಿ ಏಕಕಾಲಕ್ಕೆ ಬಳಕೆಗೆ ಬಂದಿತು. ಪೈನ್ ಎಂಬುದು ವರ್ಷವಿಡೀ ಹಸಿರಾಗಿರುವ ಮರವಾದ್ದರಿಂದ ಈ ನಿತ್ಯಹಸಿರಿನ ಹೆಸರು. ಇದು ಮುಕ್ತ ತಂತ್ರಾಂಶವಾದ್ದರಿಂದ, ಅಂದರೆ ಅದರ ಮೂಲ ಬರಹವನ್ನು ಯಾರು ಬೇಕಾದರೂ ಪಡೆದು ತಿದ್ದಿ ಬಳಸಬಹುದಾದ್ದರಿಂದ, ಅನಂತರ ಬೇರೆ ಗ್ರಂಥಾಲಯ ಒಕ್ಕೂಟಗಳೂ ಇದನ್ನು ಅಳವಡಿಸಿಕೊಂಡವು.

ಎವರ್‌ಗ್ರೀನ್‌ನ ಒಳರಚನೆಯಲ್ಲಿ ಆರಂಭದ ಪ್ರಶ್ನೆಗೆ ಒಂದು ಸ್ಪಷ್ಟ ಉತ್ತರವಿದೆ. ಒಕ್ಕೂಟ, ಅದರಡಿ ಪ್ರಾದೇಶಿಕ ವ್ಯವಸ್ಥೆಗಳು, ಅವುಗಳಡಿ ಶಾಖೆಗಳು ಎಂದು ಇಡೀ ಜಾಲವನ್ನು ಅದು ಮರದಂತೆ ಕಲ್ಪಿಸಿಕೊಳ್ಳುತ್ತದೆ. ಪ್ರತಿಯೊಂದು ಪ್ರತಿಗೂ ಅದನ್ನು ಕೊಂಡ ಗ್ರಂಥಾಲಯ ಮತ್ತು ಅದು ಈಗ ಯಾವ ಗ್ರಂಥಾಲಯದಿಂದ ಎರವಲು ಹೋಗುತ್ತಿದೆಯೋ ಆ ಗ್ರಂಥಾಲಯ ಎಂಬ ಎರಡು ಗುರುತುಗಳಿದ್ದರೆ, ಪ್ರತಿ ಓದುಗನಿಗೂ ಒಂದು ತವರು ಗ್ರಂಥಾಲಯವಿರುತ್ತದೆ. ಪುಸ್ತಕ ಕೊಡುವ ಕ್ಷಣದಲ್ಲಿ ತಂತ್ರಾಂಶವು ಓದುಗನ ವರ್ಗ, ಸಾಮಗ್ರಿಯ ಬಗೆ, ಪುಸ್ತಕದ ಒಡೆತನ, ಎರವಲು ನಡೆಯುತ್ತಿರುವ ಜಾಗ ಇವನ್ನೆಲ್ಲ ನಿಯಮಗಳ ಕೋಷ್ಟಕದೊಡನೆ ತಾಳೆ ನೋಡಿ, ಹೆಚ್ಚು ನಿರ್ದಿಷ್ಟವಾಗಿ ಹೊಂದುವ ನಿಯಮವನ್ನು ಆರಿಸಿ, ಅವಧಿಯನ್ನೂ ದಂಡವನ್ನೂ ನಿರ್ಧರಿಸುತ್ತದೆ. ಇಷ್ಟು ಸೂಕ್ಷ್ಮವಾದ ಸಾಧನ ಕೈಯಲ್ಲಿದ್ದರೆ ಪ್ರತಿ ಊರೂ ತನ್ನ ಹಳೆಯ ನಿಯಮವನ್ನೇ ಉಳಿಸಿಕೊಳ್ಳಬಹುದಿತ್ತು. ಪೈನ್ಸ್‌ನ ನಿಜವಾದ ಸಾಧನೆ ಇರುವುದು ಹಾಗೆ ಮಾಡದಿದ್ದುದರಲ್ಲಿ: ಸದಸ್ಯ ಗ್ರಂಥಾಲಯಗಳ ನಿರ್ದೇಶಕರಿಂದಲೇ ಆಯ್ಕೆಯಾದ ಸಮಿತಿಯೊಂದು ಚರ್ಚಿಸಿ ರೂಪಿಸಿದ ಸಾಮಾನ್ಯ ನಿಯಮಗಳಿಗೆ ಎಲ್ಲರೂ ಬದ್ಧರಾದರು. ಬಹುಕಾಲದಿಂದ ಪಾಲಿಸಿಕೊಂಡು ಬಂದ ರೂಢಿಯನ್ನು ದೂರದ ಓದುಗನ ಅನುಕೂಲಕ್ಕಾಗಿ ಬಿಟ್ಟುಕೊಡುವುದು ಸಣ್ಣ ಗ್ರಂಥಾಲಯಕ್ಕೆ ಸಣ್ಣ ತ್ಯಾಗವೇನಲ್ಲ, ಯಾವ ತಂತ್ರಾಂಶವೂ ಅದನ್ನು ತಾನಾಗಿ ಮಾಡಿಸಲಾರದು.

ಕಾಯ್ದಿರಿಸುವಿಕೆಯಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಓದುಗನೊಬ್ಬ ಒಂದು ಶೀರ್ಷಿಕೆಯನ್ನು ಕೋರಿದಾಗ ತಂತ್ರಾಂಶವು ಎಲ್ಲೆಲ್ಲಿ ಅದರ ಪ್ರತಿಗಳಿವೆ ಎಂದು ಹುಡುಕಿ, ಹತ್ತಿರದ್ದನ್ನು ಮೊದಲು ಆರಿಸಿ, ಆ ಗ್ರಂಥಾಲಯದ ಸಿಬ್ಬಂದಿಗೆ ಕಪಾಟಿನಿಂದ ತೆಗೆಯಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಅದನ್ನು ತೋರಿಸುತ್ತದೆ. ಅಷ್ಟರೊಳಗೆ ಬೇರೆ ಯಾವುದೋ ಊರಿನಲ್ಲಿ ಅದೇ ಶೀರ್ಷಿಕೆಯ ಪ್ರತಿಯೊಂದನ್ನು ಯಾರಾದರೂ ಮರಳಿಸಿದರೆ, ಕಪಾಟಿಗೆ ಹೋಗಬೇಕಾದ ಆ ಪ್ರತಿಯನ್ನೇ ತಡೆದು ಕೋರಿಕೆಗೆ ಒಪ್ಪಿಸಬಹುದು. ಹಾಗೆ ಹೊರಟ ಪುಸ್ತಕವು ‘ಸಾಗಣೆಯಲ್ಲಿದೆ’ ಎಂಬ ಗುರುತಿನೊಡನೆ ವಾಹನವೇರಿ, ತಲುಪಿದ ಕಡೆ ಮತ್ತೊಮ್ಮೆ ದಾಖಲಾಗಿ, ಓದುಗನ ಹೆಸರಿಗೆ ಮೀಸಲಾದ ಕಪಾಟಿನಲ್ಲಿ ನಿಲ್ಲುತ್ತದೆ. ಸಾಗಣೆಯ ದಾಖಲೆಯನ್ನು ಒಂದು ಕಡೆ ತಪ್ಪಿಸಿದರೂ ಪುಸ್ತಕ ದತ್ತಸಂಚಯದಲ್ಲಿ ದಾರಿಯಲ್ಲೇ ಉಳಿಯುತ್ತದೆ, ಓದುಗ ಕಾಯುತ್ತಲೇ ಇರುತ್ತಾನೆ. ಎಲ್ಲ ಕಡೆಯ ಸಿಬ್ಬಂದಿಯೂ ಒಂದೇ ಕ್ರಮವನ್ನು ಒಂದೇ ಶ್ರದ್ಧೆಯಿಂದ ಪಾಲಿಸಬೇಕೆಂದು ಕೈಪಿಡಿಗಳು ಮತ್ತೆ ಮತ್ತೆ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ತಮ್ಮ ಊರಿನ ತೆರಿಗೆಯಿಂದ ಕೊಂಡ ಹೊಸ ಪುಸ್ತಕ ಬಂದ ದಿನವೇ ಬೇರೆ ಊರಿಗೆ ಹೊರಟುಹೋದರೆ ಸ್ಥಳೀಯರಿಗೆ ನೋವಾಗುವುದು ಸಹಜವಾದ್ದರಿಂದ, ಹೊಸ ಪ್ರತಿಗಳು ನಿಗದಿತ ಅವಧಿಯವರೆಗೆ ತವರಿನ ಕೋರಿಕೆಗಳಿಗಷ್ಟೇ ದೊರೆಯುವಂತೆ ಕಾಪಾಡುವ ಏರ್ಪಾಡೂ ಎವರ್‌ಗ್ರೀನ್‌ನಲ್ಲಿದೆ. ಜಾಲದ ಸಂಪರ್ಕ ಕಡಿದ ಹೊತ್ತಿನಲ್ಲಿ ಕೊಟ್ಟ ಪುಸ್ತಕಗಳ ವಿವರವನ್ನು ಸ್ಥಳೀಯವಾಗಿ ಉಳಿಸಿಟ್ಟು ಆಮೇಲೆ ಸೇರಿಸಲೂ ಅವಕಾಶವಿದೆ. ಇನ್ನು ಓದುಗನ ಖಾಸಗಿತನದ ವಿಷಯ: ಜಾಲ ಹಿಗ್ಗಿದಷ್ಟೂ ಅವನ ಎರವಲಿನ ದಾಖಲೆಯನ್ನು ನೋಡಬಲ್ಲ ಕಣ್ಣುಗಳು ಹೆಚ್ಚುತ್ತವೆ. ಯಾವ ಸಿಬ್ಬಂದಿಯ ಅಧಿಕಾರ ಶಾಖೆಯ ಮಟ್ಟದ್ದು, ಯಾವುದು ಒಕ್ಕೂಟದ ಮಟ್ಟದ್ದು ಎಂದು ತಂತ್ರಾಂಶದಲ್ಲೇ ಗೆರೆ ಎಳೆಯುವುದು ಹಾಗಾಗಿ ಅನಿವಾರ್ಯ, ಏಕೆಂದರೆ ಒಬ್ಬ ವ್ಯಕ್ತಿ ಏನನ್ನು ಓದುತ್ತಾನೆಂಬುದು ಅವನಿಗಷ್ಟೇ ಸೇರಿದ ವಿಷಯ.

ಕರ್ನಾಟಕದ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಚ್ಚರಿಯ ಸಂಗತಿಯೊಂದು ಎದುರಾಗುತ್ತದೆ. ಓದುಗನ ಸಮಯ ಉಳಿಸಬೇಕೆಂಬುದನ್ನು 1931ರಷ್ಟು ಹಿಂದೆಯೇ ಗ್ರಂಥಾಲಯ ವಿಜ್ಞಾನದ ನಾಲ್ಕನೆಯ ಸೂತ್ರವಾಗಿ ಸಾರಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಜಾರ್ಜಿಯಾ ಸ್ವತಂತ್ರ ಮಂಡಳಿಗಳನ್ನು ಒಲಿಸಿ ಒಂದುಗೂಡಿಸಬೇಕಾಗಿದ್ದರೆ, ಇಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವೇ ಇಡೀ ರಾಜ್ಯಕ್ಕೆ ಒಂದು ಇಲಾಖೆಯನ್ನೂ, ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳನ್ನೂ ಕಲ್ಪಿಸಿತು. ಆಸ್ತಿ ತೆರಿಗೆಯೊಡನೆ ನಾಗರಿಕರು ತೆರುವ ಶೇ. 6ರ ಗ್ರಂಥಾಲಯ ಕರವೂ ಯಾವುದೋ ಒಂದು ಶಾಖೆಗೆಂದು ತೆರುವಂಥದಲ್ಲ. ಹೀಗಿದ್ದೂ ಓದುಗನ ಟಿಕೆಟ್ಟು ಸಾಮಾನ್ಯವಾಗಿ ಅವನು ಸದಸ್ಯನಾದ ಶಾಖೆಯ ಬಾಗಿಲಿನಾಚೆಗೆ ನಡೆಯುವುದಿಲ್ಲ. ಇದರ ಮೇಲೆ, 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ಹೊಸ ಚೈತನ್ಯ ಪಡೆದಿರುವುದರಿಂದ, ಹಳ್ಳಿಯ ಕಪಾಟಿಗೂ ಜಿಲ್ಲಾ ಕೇಂದ್ರದ ಕಪಾಟಿಗೂ ನಡುವೆ ಈಗ ಇಲಾಖೆಯ ಗಡಿಯೂ ಬಂದಿದೆ.

ಹಾಗಾಗಿ ಇಲ್ಲಿ ಮೊದಲು ಬೇಕಾದುದು ಒಡಂಬಡಿಕೆ; ಗಣಕಗಳು ಆಮೇಲೆ ಬರಲಿ. ಒಂದೇ ಜಿಲ್ಲೆಯಲ್ಲಿ ಆರಂಭಿಸಿದರೂ ಸಾಕು: ಒಂದು ಶಾಖೆಯ ಟಿಕೆಟ್ಟನ್ನು ಉಳಿದೆಲ್ಲ ಶಾಖೆಗಳು ಮಾನ್ಯ ಮಾಡಬೇಕು, ಎಲ್ಲಿ ಪಡೆದ ಪುಸ್ತಕವನ್ನೂ ಎಲ್ಲಿ ಬೇಕಾದರೂ ಮರಳಿಸುವಂತಿರಬೇಕು, ಕಳೆದುಹೋದ ಪುಸ್ತಕದ ಬೆಲೆ ಯಾವ ಖಾತೆಗೆ ಜಮೆಯಾಗಬೇಕು ಎಂಬುದನ್ನು ಎರಡೂ ಇಲಾಖೆಗಳು ಮೊದಲೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಂಡಿರಬೇಕು. ಪುಸ್ತಕದ ಸಾಗಣೆಗೆ ಹೊಸ ವಾಹನಗಳನ್ನೇ ಕೊಳ್ಳಬೇಕೆಂದಿಲ್ಲ. ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ‘ನಮ್ಮ ಕಾರ್ಗೋ’ ಸೇವೆಯಡಿ ಈಗಾಗಲೇ ಊರಿಂದೂರಿಗೆ ಸರಕು ಒಯ್ಯುತ್ತಿವೆ.