ನಿಮಗಿದು ಗೊತ್ತೆ? ಜೆಟ್ ಎಂಜಿನ್ನಿನೊಳಗೂ ಗೇರ್ ಇದೆ!

ಜೆಟ್ ಎಂಜಿನ್ನಿನ ಮುಂಭಾಗದಲ್ಲಿ ಕಾಣುವ ದೊಡ್ಡ ಫ್ಯಾನನ್ನು ತಿರುಗಿಸುವುದು ಹಿಂಬದಿಯಲ್ಲಿರುವ ಟರ್ಬೈನ್. ಟರ್ಬೈನ್ ವೇಗವಾಗಿ ತಿರುಗಿದಷ್ಟೂ ಒಳ್ಳೆಯದು. ಫ್ಯಾನ್ ಮಾತ್ರ ನಿಧಾನವಾಗಿ ತಿರುಗಬೇಕು. ಇಲ್ಲದಿದ್ದರೆ ಅದರ ರೆಕ್ಕೆಗಳ ತುದಿ ಶಬ್ದದ ವೇಗವನ್ನೂ ಮೀರಿ ಸದ್ದು, ಇಂಧನದ ಖರ್ಚು ಎರಡೂ ಏರುತ್ತವೆ. ಒಂದೇ ಶಾಫ್ಟಿಗೆ ನೇರವಾಗಿ ಜೋಡಿಸಿದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು.

ಇದಕ್ಕೆ ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿ ಬಳಸಿದ ಉಪಾಯ, ನಡುವೆ ಒಂದು ಗೇರ್‌ಬಾಕ್ಸ್. ಏರ್‌ಬಸ್ ಎ320 ನಿಯೋ ವಿಮಾನಗಳಿಗೆ ಆ ಕಂಪನಿ ಒದಗಿಸುವ ಎಂಜಿನ್ ಹೀಗಿದೆ: ಟರ್ಬೈನಿನ ಶಾಫ್ಟ್ ನಡುವಿನ ‘ಸನ್ ಗೇರ್’ ಅನ್ನು ತಿರುಗಿಸುತ್ತದೆ. ಅದರ ಸುತ್ತ ಇರುವ 5 ಗೇರ್‌ಗಳು ಇದ್ದಲ್ಲೇ ತಿರುಗುತ್ತಾ, ಒಳಮೈಯಲ್ಲಿ ಹಲ್ಲುಗಳಿರುವ ಹೊರಗಿನ ಬಳೆಯನ್ನು ತಿರುಗಿಸುತ್ತವೆ. ಫ್ಯಾನ್ ಆ ಬಳೆಗೇ ಜೋಡಣೆಯಾಗಿದೆ. ಟರ್ಬೈನ್ ಸುಮಾರು 3 ಸುತ್ತು ಹಾಕಿದರೆ ಫ್ಯಾನ್ ಹಾಕುವುದು ಒಂದೇ ಸುತ್ತು, ಅದೂ ಉಲ್ಟಾ ದಿಕ್ಕಿನಲ್ಲಿ!

ಗೇರ್ ಹಲ್ಲುಗಳ ತಿಕ್ಕಾಟಕ್ಕೆ ನಷ್ಟವಾಗುವ ಶಕ್ತಿ ಅತ್ಯಲ್ಪ. ಆದರೂ ಅದರಿಂದ ಹುಟ್ಟುವ ಬಿಸಿಯೇನೂ ಕಡಿಮೆಯಲ್ಲ. ಅದನ್ನು ಹೊರಸಾಗಿಸಲು ಎಣ್ಣೆ ಸದಾ ಹರಿಯುತ್ತಲೇ ಇರಬೇಕು. ಈ ಎಂಜಿನ್ ಪ್ರಯಾಣಿಕರ ಸೇವೆಗೆ ಬಂದದ್ದು 2016ರಲ್ಲಿ, ಜರ್ಮನಿಯ ಲುಫ್ತಾನ್ಸಾ ವಿಮಾನದಲ್ಲಿ.