ಕಂಪ್ಯೂಟರ್ ನಿಧಾನವಾದಾಗ

ಶಿವಾಜಿನಗರದ ಡಿಟಿಪಿ ಅಂಗಡಿಯಲ್ಲಾಗಲಿ, ಇಂದಿರಾನಗರದ ನಿವೃತ್ತರ ಮನೆಯಲ್ಲಾಗಲಿ ದೂರು ಒಂದೇ: ಕಂಪ್ಯೂಟರ್ ಮೊದಲಿನಂತೆ ಓಡುತ್ತಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಜಾಹೀರಾತೊಂದು ತೆರೆದುಕೊಂಡು, ‘ನಿಮ್ಮ ಯಂತ್ರದಲ್ಲಿ ನೂರಾರು ದೋಷಗಳಿವೆ, ಹಣ ಕಟ್ಟಿದರೆ ಸರಿಪಡಿಸುತ್ತೇವೆ’ ಎನ್ನುತ್ತದೆ. ಕಟ್ಟುವ ಮುನ್ನ ಸ್ವಲ್ಪ ತಾಳಿ.

ಇಂಥ ತಂತ್ರಾಂಶಗಳಿಗೆ ಒಂದು ಕಾಲದಲ್ಲಿ ನಿಜವಾದ ಕೆಲಸವಿತ್ತು. ಪೀಟರ್ ನಾರ್ಟನ್ ಅವರ ‘ನಾರ್ಟನ್ ಯುಟಿಲಿಟೀಸ್’ 1982ರಲ್ಲಿ ಬಂದಿತು. 1993ರ ಎಂಎಸ್-ಡಾಸ್ 6ರಲ್ಲಿ ‘ಡಿಫ್ರ್ಯಾಗ್’ ಸೇರಿಕೊಂಡಿತು. ರಸೆಲ್ ಮಾರ್ಕೆಟ್ಟಿನಲ್ಲಿ ಒಂದು ಕಿಲೋ ಟೊಮೇಟೊ ಕೊಳ್ಳಲು ಹತ್ತು ಅಂಗಡಿಗಳಲ್ಲಿ ಒಂದೊಂದೇ ಹಣ್ಣು ಆರಿಸಬೇಕಾಗಿ ಬಂದರೆ ಹೇಗಿರುತ್ತದೆ, ಯೋಚಿಸಿ. ಹಳೆಯ ಹಾರ್ಡ್ ಡಿಸ್ಕಿನ ಪಾಡೂ ಅದೇ. ಒಂದೇ ಕಡತದ ಚೂರುಗಳು ತಿರುಗುವ ತಟ್ಟೆಯ ತುಂಬ ಚದುರಿದ್ದರೆ, ಅವನ್ನು ಓದುವ ಭಾಗ ಅತ್ತಿತ್ತ ಅಲೆಯಬೇಕಾಗುತ್ತದೆ. ಡಿಫ್ರ್ಯಾಗ್ ಆ ಚೂರುಗಳನ್ನು ಒಂದೆಡೆ ಸೇರಿಸುತ್ತದೆ. ಈಗಿನ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಅಲೆದಾಟವೂ ಇಲ್ಲ. ಅದನ್ನು ಪದೇ ಪದೇ ಡಿಫ್ರ್ಯಾಗ್ ಮಾಡಿದರೆ ಲಾಭವಿಲ್ಲ, ಸವೆತ ಮಾತ್ರ.

‘ರಿಜಿಸ್ಟ್ರಿ ಕ್ಲೀನರ್’ಗಳಿಗಂತೂ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವೇ ಇಲ್ಲ. ಹೆಸರಾಂತ ತಂತ್ರಾಂಶವೂ ಕೈಕೊಡಬಹುದು: 2017ರಲ್ಲಿ ‘ಸಿಕ್ಲೀನರ್’ನ ಒಂದು ಆವೃತ್ತಿಯೊಳಗೇ ಕಿಡಿಗೇಡಿಗಳು ದುಷ್ಟ ಕೋಡ್ ಸೇರಿಸಿದ್ದರು. ಅದು ಸುಮಾರು 22 ಲಕ್ಷ ಬಳಕೆದಾರರನ್ನು ತಲುಪಿತ್ತು.

ಹಾಗಾದರೆ ಏನು ಮಾಡಬೇಕು? ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಸ್ಟಾರ್ಟಪ್’ ಪಟ್ಟಿಯಲ್ಲಿ, ಯಂತ್ರ ಹೊತ್ತಿಕೊಂಡ ಕೂಡಲೇ ಕರೆಯದೆ ಬಂದು ಕೂರುವ ಅತಿಥಿಗಳೆಲ್ಲ ಕಾಣುತ್ತಾರೆ. ಬೇಡದವನ್ನು ನಿಲ್ಲಿಸಿ. ನಂತರ ‘ಸೆಟಿಂಗ್ಸ್’ನ ‘ಸ್ಟೋರೇಜ್’ ಭಾಗದಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸಿ. ಇಲ್ಲೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ನಮ್ಮಲ್ಲಿ ಬಹುತೇಕರ ಖಾತಾ ನಕಲು, ಪಿಂಚಣಿ ಕಾಗದ, ಮೊಮ್ಮಕ್ಕಳ ಫೋಟೋ ಎಲ್ಲ ಇರುವುದು ಅಲ್ಲಿಯೇ! ಮೊದಲು ಅವುಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಅಲ್ಲಿಯವರೆಗೆ ಡೌನ್‌ಲೋಡ್ಸ್ ಮುಂದಿನ ಚೌಕಕ್ಕೆ ಗುರುತು ಹಾಕಬೇಡಿ.

ಆಂಟಿವೈರಸ್ ಒಂದು ಸಾಕು. ಎರಡಿದ್ದರೆ ಅವು ತಮ್ಮತಮ್ಮಲ್ಲೇ ಗುದ್ದಾಡಿ ಯಂತ್ರವನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಹಳೆ ಮದ್ರಾಸ್ ರಸ್ತೆಯಂಥ ಹೆದ್ದಾರಿ ಬದಿಯ ಮನೆಗಳವರು ಫ್ಯಾನಿನ ಧೂಳನ್ನೂ ತೆಗೆಸಿರಿ. ಬಿಸಿ ಏರಿದರೆ ಯಂತ್ರ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇಷ್ಟಾದರೂ ಹಾರ್ಡ್ ಡಿಸ್ಕಿನ ಹಳೆ ಯಂತ್ರ ಕುಂಟುತ್ತಿದ್ದರೆ, ತಂತ್ರಾಂಶಕ್ಕೆ ಕೊಡುವ ದುಡ್ಡನ್ನು ಎಸ್‌ಎಸ್‌ಡಿಗೆ ಕೊಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ದೂರವಾಣಿಯಲ್ಲಿ ಯಾರಾದರೂ ‘ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ನಾವು ಹೇಳಿದ್ದನ್ನು ಒತ್ತಿ’ ಎಂದರೆ ಮಾತು ಮುಂದುವರಿಸಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.