ಮಂಡಿ ತಿರುಗಿಸುವ ಮಾಣಿ

ಹ್ವಾಯ್, ಈ ಮಾಣಿಯ ಕಾಲು ಕಾಣಿ.

ಸಿದ್ದಾಪುರದ ಒಂದು ಅಂಗಳ. ಪಕ್ಕದ ಕಮಲಶಿಲೆಗೆ ತನ್ನದೇ ಯಕ್ಷಗಾನ ಮೇಳವಿದೆ. ಇಲ್ಲಿನ ಮಕ್ಕಳು ರಾತ್ರಿಯಿಡೀ ಆಟ ನೋಡಿ, ಬೆಳಿಗ್ಗೆ ಅಂಗಳದಲ್ಲಿ ಅದನ್ನೇ ಕುಣಿಯುವವರು. ಈ ಮಾಣಿಗೆ ಬಡಗುತಿಟ್ಟಿನ ಮಂಡಿ ಕುಣಿತ ಬೇಕು. ಮೊಣಕಾಲೂರಿ ಗಿರಗಿರ ತಿರುಗಬೇಕು. ಎರಡೇ ಸುತ್ತಿಗೆ ತಾಳ ತಪ್ಪುತ್ತದೆ.

ಗುರುಗಳು ಗದರಲಿಲ್ಲ. "ಅಡ್ಡಿಲ್ಲೆ ಮಾಣಿ, ನಿನ್ನೆಗಿಂತ ಲಾಯ್ಕ್ ಆಯ್ತ್."

ಈ ಮಾತು ಬರೀ ಸಮಾಧಾನವಲ್ಲ. ಸಂಶೋಧಕರಾದ ಗೇಬ್ರಿಯೆಲೆ ವುಲ್ಫ್ ಮತ್ತು ರೆಬೆಕಾ ಲೂಥ್‌ವೇಟ್ 2016ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, 'ನನ್ನಿಂದ ಆಗುತ್ತದೆ' ಎಂಬ ನಿರೀಕ್ಷೆ ದೇಹದ ಕಲಿಕೆಗೇ ನೆರವಾಗುತ್ತದೆ. ಮೆದುಳಿನ ರಾಸಾಯನಿಕವಾದ ಡೋಪಮಿನ್ ಇದಕ್ಕೆ ಒಂದು ಕೊಂಡಿ. ಇಲಿಗಳ ಮೆದುಳಲ್ಲಿ ಚಲನೆ ನಿಭಾಯಿಸುವ ಭಾಗಕ್ಕೆ ಡೋಪಮಿನ್ ಸಿಗದಂತೆ ಮಾಡಿದಾಗ ಹೊಸ ಕೈಚಳಕ ಕಲಿಯುವುದು ಕುಂಠಿತವಾಯಿತು. ಮೊದಲೇ ಕಲಿತದ್ದು ಮಾತ್ರ ಹಾಗೇ ಉಳಿದಿತ್ತು! ನನಗೆ ಬಹಳ ಬೆರಗು ಹುಟ್ಟಿಸಿದ ಸಂಗತಿ ಇದು.

ಅಭ್ಯಾಸದಲ್ಲಿ ಕಲಿಯುವವರಿಗೆ ಆಯ್ಕೆ ಕೊಟ್ಟರೆ ಕಲಿಕೆ ಚುರುಕಾಗುತ್ತದೆ ಎಂದೂ ಆ ಸಿದ್ಧಾಂತ ಹೇಳುತ್ತದೆ. ಆದರೆ 2022ರ ವಿಶ್ಲೇಷಣೆಯೊಂದು ಹಳೆಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ, ಅದಕ್ಕೆ ಗಟ್ಟಿ ಆಧಾರವಿಲ್ಲ ಎಂದಿತು.

ಇನ್ನೊಂದು ಗುಟ್ಟು ಗಮನದ್ದು. 'ಮೊಣಕಾಲು ಹೀಗಿಡು' ಎಂದರೆ ಮೈ ಬಿಗಿಯುತ್ತದೆ. 'ಚೆಂಡೆಯ ಪೆಟ್ಟು ಕೇಳು, ರಂಗಸ್ಥಳದ ಆ ಮೂಲೆ ಮುಟ್ಟು' ಎಂದರೆ ಕಾಲು ತಾನೇ ದಾರಿ ಹುಡುಕುತ್ತದೆ.

ಹಾಂ, ಸುತ್ತು ಸುತ್ತದೆ ಮಂಡಿ ಬರುವುದಿಲ್ಲ. ಆದರೆ ಗದರಿಸಿಕೊಂಡ ಮಗು ನಾಳೆ ಅಂಗಳಕ್ಕೇ ಬಾರದಿದ್ದರೆ?

ಈಗ ಕಾಣಿ. ಮೂರು ಸುತ್ತು... ನಾಲ್ಕು... ತಾಳ ತಪ್ಪಲಿಲ್ಲ!